ನಾಲ್ಕು 10 ಗಿಗಾಬಿಟ್ ಪೋರ್ಟ್ ಒಟ್ಟಿಗೆ ಓಡಿಸಿದರೆ ಪ್ಯಾಕೆಟ್ ಡ್ರಾಪ್: 16 ಇನ್‌ಪುಟ್‌ನ ಜಿಪಿಯು ಕೋರಿಲೇಟರ್

ದ್ವಿಧ್ರುವ ಕೇಳಿದ್ದು:

ಕಾಲೇಜಿನ ಅಂಗಳದಲ್ಲಿ 8 ಲಾಗ್ ಪೀರಿಯಾಡಿಕ್ ಆಂಟೆನಾಗಳ ಅರೇ ಇದೆ. ಅವುಗಳ ಸಿಗ್ನಲ್‌ಗಳನ್ನು ಜೋಡಿ ಜೋಡಿಯಾಗಿ ಗುಣಿಸಿ ಕೂಡಿಸುವ ಕೋರಿಲೇಟರ್ ಕಟ್ಟುತ್ತಿದ್ದೇವೆ. ಪೂರ್ವ-ಪಶ್ಚಿಮವಾಗಿ ಅತಿ ಉದ್ದದ ಬೇಸ್‌ಲೈನ್ (ಎರಡು ಆಂಟೆನಾಗಳ ನಡುವಿನ ದೂರ) 100 ಮೀಟರ್. ಒಂದೊಂದು ಆಂಟೆನಾಗೂ ಎರಡು ಪೋಲರೈಸೇಶನ್, ಒಟ್ಟು 16 ಇನ್‌ಪುಟ್. ನೋಡಬೇಕಿರುವುದು 40ರಿಂದ 85 ಮೆಗಾಹರ್ಟ್ಸ್: ಸೂರ್ಯ, ಮತ್ತು ಆಕಾಶದ ಜೋರಾದ ರೇಡಿಯೋ ಮೂಲಗಳಾದ ಸಿಗ್ನಸ್ ಎ, ಕ್ಯಾಸಿಯೋಪಿಯಾ ಎ.

ಮಿಕ್ಸರ್ ಇಲ್ಲ, ನೇರ ಸ್ಯಾಂಪ್ಲಿಂಗ್. ನಾಲ್ಕು ಎಡಿಸಿ (ಸಿಗ್ನಲನ್ನು ಅಂಕಿಯಾಗಿಸುವ) ಬೋರ್ಡ್, ಒಂದೊಂದರಲ್ಲಿ 4 ಇನ್‌ಪುಟ್, 8 ಬಿಟ್, ಸೆಕೆಂಡಿಗೆ 20 ಕೋಟಿ ಸ್ಯಾಂಪಲ್. ಬೋರ್ಡಿನ ಎಫ್‌ಪಿಜಿಎ (ಬೇಕಾದಂತೆ ಹೊಂದಿಸಿಕೊಳ್ಳುವ ಚಿಪ್) ಮಾಡುವ ಕೆಲಸ ಇಷ್ಟೇ: ಒಂದು ಇನ್‌ಪುಟ್‌ನ 8192 ಸ್ಯಾಂಪಲ್‌ಗೆ 16 ಬೈಟ್ ಹೆಡರ್ (ಸ್ಯಾಂಪಲ್ ಎಣಿಕೆ ಮತ್ತು ಇನ್‌ಪುಟ್ ಸಂಖ್ಯೆ) ಹಚ್ಚಿ ಯುಡಿಪಿ ಪ್ಯಾಕೆಟ್ ಮಾಡಿ ಕಳಿಸುವುದು. ಎಫ್‌ಎಫ್‌ಟಿ (ಆವರ್ತನಗಳಾಗಿ ಬಿಡಿಸುವುದು), ಕೋರಿಲೇಶನ್ ಎಲ್ಲ ಕಂಪ್ಯೂಟರ್‌ನಲ್ಲೇ.

ಕಂಪ್ಯೂಟರ್: ಹಳೇ ಸರ್ವರ್, ಎರಡು ಜಿಯಾನ್ ಇ5 ವಿ4 ಪ್ರೊಸೆಸರ್, ಒಟ್ಟು 64 ಜಿಬಿ ಡಿಡಿಆರ್4-2400, ಎರಡು ಪೋರ್ಟಿನ 10 ಗಿಗಾಬಿಟ್ ಕಾರ್ಡ್ ಎರಡು, ಆರ್‌ಟಿಎಕ್ಸ್ 3060 ಜಿಪಿಯು ಒಂದು.

ಒಂದು ಪೋರ್ಟ್ ಓಡಿಸಿದರೆ ಒಂದು ಪ್ಯಾಕೆಟ್ಟೂ ಕಳೆದುಹೋಗುವುದಿಲ್ಲ, ಎರಡಕ್ಕೂ ಸರಿ. ನಾಲ್ಕನ್ನೂ ತೆರೆದರೆ ಶೇ. 1ರಷ್ಟು ಡ್ರಾಪ್. ಜಿಪಿಯು ಕೋಡ್ ಶುರುವಾದರೆ ಶೇ. 3 ದಾಟುತ್ತದೆ. ಟಾಪ್‌ನಲ್ಲಿ ನೋಡಿದರೆ ಸಿಪಿಯು ಅರ್ಧದಷ್ಟೂ ತುಂಬಿಲ್ಲ. ಸಾಕೆಟ್ ಬಫರ್ ದೊಡ್ಡದು ಮಾಡಿದೆ, ವ್ಯತ್ಯಾಸವಾಗಲಿಲ್ಲ. ಜಿಪಿಯು ಸಾಲದೇ? ದೊಡ್ಡ ಕಾರ್ಡ್ ತರಬೇಕೇ? ಇಲ್ಲ ಕರ್ನಲ್ ಬದಿಗಿಟ್ಟು ಪ್ಯಾಕೆಟ್ ನೇರ ಓದುವ ಡಿಪಿಡಿಕೆ ಲೈಬ್ರರಿ ಬಳಸಬೇಕೇ?

ಬಫರ್‌ಗಾರ:

ಪ್ಯಾಕೆಟ್ ಎಲ್ಲಿ ಬೀಳುತ್ತಿದೆ ಎಂದು ಗೊತ್ತಾಗದೆ ಏನನ್ನೂ ಬದಲಿಸಬೇಡಿ. ಬೀಳುವ ಜಾಗ ಮೂರು.

ಮೊದಲನೆಯದು ಕಾರ್ಡಿನಲ್ಲೇ. ಇಥ್‌ಟೂಲ್‌ನಲ್ಲಿ ಕಾರ್ಡಿನ ಅಂಕಿಅಂಶ ತೆಗೆದು "ಮಿಸ್ಡ್", "ನೋ ಬಫರ್" ಎಂಬ ಹೆಸರಿನ ಎಣಿಕೆಗಳು ಏರುತ್ತಿವೆಯೇ ನೋಡಿ. ಎರಡನೆಯದು ಸಾಕೆಟ್ ಬಫರ್. ನೆಟ್‌ಸ್ಟ್ಯಾಟ್‌ನ ಯುಡಿಪಿ ಭಾಗದಲ್ಲಿ ರಿಸೀವ್ ಬಫರ್ ಎರರ್ ಎಂದು ಬರುತ್ತದೆ. ಮೂರನೆಯದು ನಿಮ್ಮದೇ ರಿಂಗ್ ಬಫರ್: ಜಿಪಿಯು ತಡ ಮಾಡಿ ಖಾಲಿ ಬ್ಲಾಕ್ ಸಿಗದೆ ನಿಮ್ಮ ಕೋಡೇ ಎಸೆಯುವುದು. ಹೆಡರಿನ ಎಣಿಕೆಯಲ್ಲಿ ಕಾಣುವ ಒಟ್ಟು ನಷ್ಟದಿಂದ ಮೊದಲೆರಡನ್ನು ಕಳೆದರೆ ಉಳಿಯುವುದು ಅದು. ಕಾರ್ಡಿಗೂ ಮುಂಚೆ ಸ್ವಿಚ್ ಇದ್ದರೆ ಅದರ ಎಣಿಕೆ ಬೇರೆ. ನಿಮ್ಮ ಪ್ಯಾಕೆಟ್ ಐಪಿ ಸಮೇತ 8236 ಬೈಟ್, ಆದ್ದರಿಂದ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 9000 ಎಲ್ಲ ಕಡೆಯೂ ಇರಲೇಬೇಕು.

ಸಾಕೆಟ್ ಬಫರಿನ ಲೆಕ್ಕ: ಲಿನಕ್ಸ್‌ನಲ್ಲಿ ಬರುವ ಮಿತಿ 212992 ಬೈಟ್. ನಿಮ್ಮ ಒಂದು ಪೋರ್ಟಿಗೆ ಸೆಕೆಂಡಿಗೆ 80 ಕೋಟಿ ಬೈಟ್. ಅಂದರೆ ತಡೆಯುವುದು 0.27 ಮಿಲಿಸೆಕೆಂಡ್ ಮಾತ್ರ. 256 ಎಂಬಿಗೆ ಏರಿಸಿದರೆ ಸೆಕೆಂಡಿನ ಮೂರನೇ ಒಂದು ಭಾಗ ತಡೆಯುತ್ತದೆ. ಕರ್ನಲ್‌ನ ಮಿತಿ ಏರಿಸಿದರೆ ಮುಗಿಯಲಿಲ್ಲ, ನಿಮ್ಮ ಕೋಡಿನಲ್ಲಿ ಸೆಟ್‌ಸಾಕ್‌ಆಪ್ಟ್ ಕರೆದು ಅಷ್ಟು ಕೇಳಬೇಕು. ಕೇಳಿದ ಮೇಲೆ ಗೆಟ್‌ಸಾಕ್‌ಆಪ್ಟ್‌ನಿಂದ ಓದಿ ನೋಡಿ; ಮಿತಿ ಕಡಿಮೆ ಇದ್ದರೆ ಕರ್ನಲ್ ಸದ್ದಿಲ್ಲದೆ ಕಡಿಮೆಯೇ ಕೊಟ್ಟಿರುತ್ತದೆ.

ಅಂಕಿ ಹಾಕಿ, ಆಮೇಲೆ ಮುಂದಿನದು.

ದ್ವಿಧ್ರುವ:

ನೋಡಿದೆ ಸರ್. ಸಾಕೆಟ್ ಎರರ್ ಸೊನ್ನೆ. ಕಾರ್ಡಿನ ಮಿಸ್ಡ್ ಎಣಿಕೆ ಏರುತ್ತಿದೆ, ನಾಲ್ಕೂ ಪೋರ್ಟಿನಲ್ಲಿ. ಕಾರ್ಡಿನ ರಿಂಗ್ 512ರಿಂದ 4096ಕ್ಕೆ ಏರಿಸಿದರೂ ಅಷ್ಟೇ. ಸ್ವಿಚ್ ಇಲ್ಲ, ಬೋರ್ಡಿನಿಂದ ನೇರ ಕೇಬಲ್.

ಹಳೇ_ಕೋರಿಲೇಟರ್:

ಡಿಎಂಐಡಿಕೋಡ್ ಓಡಿಸಿ ರ್‍ಯಾಮ್ ಸ್ಟಿಕ್ ಎಷ್ಟಿವೆ, ಯಾವ ಸ್ಲಾಟಿನಲ್ಲಿವೆ ಹೇಳಿ. 64 ಜಿಬಿ ಅಂದರೆ 32ರ ಎರಡು ಸ್ಟಿಕ್ ಇರಬಹುದು ಎಂಬ ಗುಮಾನಿ.

ದ್ವಿಧ್ರುವ:

ಹೌದು, 32 ಜಿಬಿಯ ಎರಡು. ಪ್ರೊಸೆಸರಿಗೆ ಒಂದೊಂದು.

ಹಳೇ_ಕೋರಿಲೇಟರ್:

ಹಾಗಾದರೆ ಅಲ್ಲೇ ಇದೆ ಕಾಯಿಲೆ. ಜಿಪಿಯು ವಿಷಯ ಮೊದಲು ಮುಗಿಸಿಬಿಡೋಣ, ಏಕೆಂದರೆ ಎಲ್ಲರೂ ಮೊದಲು ಅನುಮಾನಿಸುವುದು ಅದನ್ನೇ.

ನಿಮ್ಮಲ್ಲಿ ಸೆಕೆಂಡಿಗೆ 320 ಕೋಟಿ ಸ್ಯಾಂಪಲ್ ಬರುತ್ತಿದೆ. 4096 ಬಿಂದುಗಳ ಎಫ್‌ಎಫ್‌ಟಿ ಹಾಕಿದರೆ 2048 ಚಾನೆಲ್, ಒಂದೊಂದು 48.8 ಕಿಲೋಹರ್ಟ್ಸ್. ರಿಯಲ್ ಎಫ್‌ಎಫ್‌ಟಿಗೆ ಸ್ಯಾಂಪಲ್‌ಗೆ 30 ಲೆಕ್ಕ ಹಿಡಿದರೆ 96 ಗಿಗಾಫ್ಲಾಪ್ಸ್. ಅದಕ್ಕೂ ಮುಂಚೆ ನಾಲ್ಕು ಟ್ಯಾಪಿನ ಪಾಲಿಫೇಸ್ ಫಿಲ್ಟರ್ (ಒಂದು ಚಾನೆಲ್ ಪಕ್ಕದ್ದಕ್ಕೆ ಸೋರದಂತೆ ನಾಲ್ಕು ಫ್ರೇಮ್‌ಗಳನ್ನು ತೂಕ ಹಾಕಿ ಕೂಡಿಸುವುದು) ಇಟ್ಟರೆ ಇನ್ನೊಂದು 26. ಕೋರಿಲೇಶನ್: 16 ಇನ್‌ಪುಟ್‌ಗೆ ಸ್ವಂತದ್ದೂ ಸೇರಿ 136 ಜೋಡಿ, ಒಂದೊಂದು ಗುಣಾಕಾರ-ಸಂಕಲನಕ್ಕೆ 8, ಬ್ಯಾಂಡ್ 100 ಮೆಗಾಹರ್ಟ್ಸ್, ಒಟ್ಟು 109. ಎಲ್ಲ ಸೇರಿ 230ರ ಆಸುಪಾಸು. 3060 ಕಾರ್ಡಿನ ಗರಿಷ್ಠ 12 ಟೆರಾಫ್ಲಾಪ್ಸ್‌ಗೂ ಹೆಚ್ಚು. ಜಿಪಿಯು ಒಳಗಿನ ಮೆಮೊರಿ ನೋಡಿದರೂ, ಫ್ಲೋಟ್ ಮಾಡಿ ಬರೆಯುವುದು, ಎಫ್‌ಎಫ್‌ಟಿ ಓದಿ ಬರೆಯುವುದು, ಟ್ರಾನ್ಸ್‌ಪೋಸ್, ಕೋರಿಲೇಟರ್ ಓದುವುದು ಎಲ್ಲ ಕೂಡಿ ಸೆಕೆಂಡಿಗೆ 80ರಿಂದ 100 ಜಿಬಿ. ಕಾರ್ಡಿನದು 360. ಆರಾಮ ಸಾಕು. ದುಡ್ಡು ಉಳಿಸಿ.

ಜೋಡಿಗಳ ಲೆಕ್ಕ ವರ್ಗದ ಹಾಗೆ ಬೆಳೆಯುವುದರಿಂದ ದೊಡ್ಡ ಅರೇಗಳಲ್ಲಿ ಕಥೆ ಬೇರೆ. ಖೋಡದ್‌ನ ಜಿಎಂಆರ್‌ಟಿ ರೇಡಿಯೋ ದೂರದರ್ಶಕದಲ್ಲಿ 30 ಡಿಶ್, 60 ಇನ್‌ಪುಟ್, 400 ಮೆಗಾಹರ್ಟ್ಸ್ ಬ್ಯಾಂಡ್; ಇದೇ ಸೂತ್ರದಲ್ಲಿ ಕೋರಿಲೇಶನ್ ಒಂದಕ್ಕೇ 5.9 ಟೆರಾಫ್ಲಾಪ್ಸ್ ಬರುತ್ತದೆ. ಅದಕ್ಕೇ ಅಲ್ಲಿ ಜಿಪಿಯು ಇರುವ ಸರ್ವರ್‌ಗಳ ಸಾಲೇ ಇದೆ. ಸ್ಯಾಂಪಲ್ ಮಾಡಿ ಪ್ಯಾಕೆಟ್ ಕಟ್ಟುವುದಕ್ಕೆ ಮಾತ್ರ ಎಫ್‌ಪಿಜಿಎ ಬೋರ್ಡ್. ಕೆಲಸ ಹಂಚಿದ ಬಗೆ ನಿಮ್ಮದರಂತೆಯೇ. ಅದಕ್ಕೂ ಹಿಂದಿನ ಅವರ ಸಾಫ್ಟ್‌ವೇರ್ ಬ್ಯಾಕೆಂಡ್‌ನಲ್ಲಿ, 2010ರ ಸುಮಾರಿನದು, ಜಿಪಿಯು ಕೂಡ ಇರಲಿಲ್ಲ: ಪಿಸಿಗೆ ಚುಚ್ಚಿದ ಎಡಿಸಿ ಕಾರ್ಡ್, ಗಿಗಾಬಿಟ್ ಈಥರ್‌ನೆಟ್, ಲಿನಕ್ಸ್ ಕ್ಲಸ್ಟರ್, 33 ಮೆಗಾಹರ್ಟ್ಸ್ ಬ್ಯಾಂಡ್.

ಈಗ ನಿಮ್ಮ ರ್‍ಯಾಮ್. ಒಂದು ಬೈಟ್ ಕಾರ್ಡಿನಿಂದ ಜಿಪಿಯು ತಲುಪುವವರೆಗೆ ಎಷ್ಟು ಸಲ ಮೆಮೊರಿ ಮುಟ್ಟುತ್ತದೆ ಎಣಿಸಿ. ಕಾರ್ಡ್ ಡಿಎಂಎ ಮಾಡಿ (ಪ್ರೊಸೆಸರ್ ನಡುವೆ ಬರದೆ) ಕರ್ನಲ್ ಬಫರಿಗೆ ಬರೆಯುತ್ತದೆ: ಒಂದು. ರಿಸೀವ್ ಕರೆ ಅದನ್ನು ಓದಿ ನಿಮ್ಮ ಬಫರಿಗೆ ಬರೆಯುತ್ತದೆ: ಮತ್ತೆರಡು. ಅಲ್ಲಿಂದ ನೀವು ಹಂಚಿಕೆಯ ಬ್ಲಾಕಿಗೆ ನಕಲು ಮಾಡುತ್ತೀರಿ: ಮತ್ತೆರಡು. ಜಿಪಿಯು ಎಳೆದುಕೊಳ್ಳುತ್ತದೆ: ಇನ್ನೊಂದು. ಆರು ಸಲ, ಗುಣಿಸು 3.2 ಜಿಬಿ, ಸೆಕೆಂಡಿಗೆ 19.2 ಜಿಬಿ. ಡಿಡಿಆರ್4-2400ರ ಒಂದು ಚಾನೆಲ್‌ನ ಗರಿಷ್ಠ ಎಷ್ಟು? 2400 ಗುಣಿಸು 8, ಅದೂ 19.2. ಕಾಗದದ ಮೇಲಿನ ಗರಿಷ್ಠ ಅದು, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ.

ಎರಡು ಪ್ರೊಸೆಸರಿಗೆ ಎರಡು ಸ್ಟಿಕ್ ಇದೆಯಲ್ಲ ಅನ್ನಬಹುದು. ಆದರೆ ಹಂಚಿಕೆಯ ಮೆಮೊರಿಯನ್ನು ಯಾವ ಪ್ರಾಸೆಸ್ ಮೊದಲು ಮುಟ್ಟುತ್ತದೋ ಅದು ಓಡುತ್ತಿದ್ದ ಪ್ರೊಸೆಸರಿನ ರ್‍ಯಾಮಿನಲ್ಲೇ ಲಿನಕ್ಸ್ ಜಾಗ ಕೊಡುತ್ತದೆ. ಶುರುವಿನಲ್ಲಿ ಒಂದೇ ಪ್ರಾಸೆಸ್ ಎಲ್ಲ ಬ್ಲಾಕನ್ನೂ ಸೊನ್ನೆ ಮಾಡಿದ್ದರೆ ನಿಮ್ಮ ಡೇಟಾದ ಬಹುಪಾಲು ಒಂದೇ ಸ್ಟಿಕ್ಕಿನ ಮೇಲೆ ಕೂತಿದೆ. ಟಾಪ್ ಇದನ್ನು ತೋರಿಸುವುದಿಲ್ಲ. ರಿಂಗ್ 4096 ಮಾಡಿದ್ದೂ ಸಹಾಯಕ್ಕೆ ಬಾರದು: ಈ ಜಿಯಾನ್‌ಗಳಲ್ಲಿ ಕಾರ್ಡ್ ಮೊದಲು ಬರೆಯುವುದು ಪ್ರೊಸೆಸರಿನ ಕ್ಯಾಶಿಗೆ, ಅದರ ಸಣ್ಣದೊಂದು ಪಾಲಿಗೆ. 9 ಕೆಬಿಯ 4096 ಪ್ಯಾಕೆಟ್ ಅಂದರೆ 37 ಎಂಬಿ, ಅದು ಕ್ಯಾಶಿನಿಂದ ಹೊರಚೆಲ್ಲಿ ರ್‍ಯಾಮಿಗೇ ಹೋಗುತ್ತದೆ. 1024ಕ್ಕೆ ಇಳಿಸಿ, 10 ಮಿಲಿಸೆಕೆಂಡ್ ತಡೆಯುತ್ತದೆ, ಸಾಕು.

ಮಾಡಬೇಕಾದ್ದು: ಇ5 ವಿ4ಗೆ ಪ್ರೊಸೆಸರಿಗೆ ನಾಲ್ಕು ಚಾನೆಲ್. 8 ಜಿಬಿಯ ಎಂಟು ಸ್ಟಿಕ್ ಹಾಕಿ, ಪ್ರತಿ ಚಾನೆಲ್ಲಿನ ಮೊದಲ ಸ್ಲಾಟಿಗೆ ಒಂದರಂತೆ (ಮದರ್‌ಬೋರ್ಡ್ ಮೇಲೆ ಬಣ್ಣ ಬೇರೆ ಇರುತ್ತದೆ). ಒಟ್ಟು ಅದೇ 64 ಜಿಬಿ, ಆದರೆ ಪ್ರೊಸೆಸರಿಗೆ 76.8 ಜಿಬಿ ಹರಿವು.

ಆಮೇಲೆ ಎಲ್‌ಎಸ್‌ಟೋಪೋ ಓಡಿಸಿ. ಎರಡು ನೆಟ್‌ವರ್ಕ್ ಕಾರ್ಡ್, ಜಿಪಿಯು ಮೂರೂ ಒಂದೇ ಪ್ರೊಸೆಸರಿನ ಸ್ಲಾಟಿನಲ್ಲಿರಲಿ. ಎಕ್ಸ್16 ಒಂದು, ಎಕ್ಸ್8 ಎರಡು, 32 ಪಿಸಿಐ ಲೇನ್. ಈ ಪ್ರೊಸೆಸರಿಗೆ ಇರುವುದು 40, ಹಿಡಿಸುತ್ತದೆ. ಪ್ರಾಸೆಸ್ಸನ್ನು ನ್ಯೂಮಾಸಿಟಿಎಲ್‌ನಿಂದ ಆ ಪ್ರೊಸೆಸರಿಗೂ ಅದರ ಮೆಮೊರಿಗೂ ಕಟ್ಟಿಹಾಕಿ. ಇನ್ನೊಂದು ಪ್ರೊಸೆಸರ್ ಡಿಸ್ಕ್ ಬರೆಯುವುದು, ಪ್ಲಾಟ್ ತೆಗೆಯುವುದು ನೋಡಿಕೊಳ್ಳಲಿ.

ನಕಲು ಕೂಡ ಒಂದು ಸಲ ಇಳಿಸಬಹುದು. ರಿಸೀವ್‌ಎಂಎಂಎಸ್‌ಜಿಗೆ ಹೆಡರಿಗೊಂದು, ಡೇಟಾಗೊಂದು ಎಂದು ಎರಡು ವಿಳಾಸ ಕೊಡಿ. ಡೇಟಾದ ವಿಳಾಸ ನೇರ ಬ್ಲಾಕಿನಲ್ಲೇ, ಮುಂದೆ ಬರಬೇಕಾದ ಪ್ಯಾಕೆಟ್ಟಿನ ಜಾಗ. ನೇರ ಕೇಬಲ್ ಇರುವುದರಿಂದ ಕ್ರಮ ತಪ್ಪುವುದು ಅಪರೂಪ. ಬಂದ ಮೇಲೆ ಹೆಡರ್ ಓದಿ, ಊಹೆ ತಪ್ಪಿದ್ದರೆ ಮಾತ್ರ ಸರಿಯಾದ ಜಾಗಕ್ಕೆ ಸರಿಸಿ. ಆ ಬ್ಲಾಕನ್ನು ಕುಡಾಹೋಸ್ಟ್‌ರಿಜಿಸ್ಟರ್‌ನಿಂದ ಪಿನ್ ಮಾಡಿದರೆ ಜಿಪಿಯು ಅಲ್ಲಿಂದಲೇ ಎಳೆದುಕೊಳ್ಳುತ್ತದೆ. 19.2 ಇಳಿದು 12.8 ಆಗುತ್ತದೆ. ಡಿಪಿಡಿಕೆ ಈ ವೇಗಕ್ಕೆ ಬೇಕಿಲ್ಲ: ಪೋರ್ಟಿಗೆ ಸೆಕೆಂಡಿಗೆ 97,656 ಪ್ಯಾಕೆಟ್ ಅಷ್ಟೇ, ಜಂಬೋ ಫ್ರೇಮ್ ಇರುವುದರಿಂದ ಕರ್ನಲ್ ತಾಳುತ್ತದೆ. 100 ಗಿಗಾಬಿಟ್‌ಗೆ ಹೋದಾಗ ಯೋಚಿಸಿ.

ಬಫರ್‌ಗಾರ:

ರ್‍ಯಾಮ್ ಹೌದು. ಡಿಪಿಡಿಕೆ ವಿಷಯದಲ್ಲಿ ಅಷ್ಟು ಖಡಾಖಂಡಿತ ಹೇಳಲಾರೆ, ಕೋರ್ ಉಳಿಯುತ್ತದೆ. ಆದರೆ ವಿದ್ಯಾರ್ಥಿಗಳು ವರ್ಷ ವರ್ಷ ಬದಲಾಗುವ ಜಾಗದಲ್ಲಿ ಸಾದಾ ಸಾಕೆಟ್ ಕೋಡೇ ಲೇಸು, ಮುಂದಿನವರಿಗೆ ಓದಲು ಬರುತ್ತದೆ.

ಇವನ್ನೂ ಸೇರಿಸಿ: ಐಆರ್‌ಕ್ಯೂ ಬ್ಯಾಲೆನ್ಸ್ (ಇಂಟರಪ್ಟ್‌ಗಳನ್ನು ಕೋರ್‌ಗಳಿಗೆ ತಾನೇ ಹಂಚುವುದು) ನಿಲ್ಲಿಸಿ. ಒಂದು ಬೋರ್ಡಿನ ಪ್ಯಾಕೆಟ್ ಎಲ್ಲಕ್ಕೂ ಒಂದೇ ವಿಳಾಸ, ಒಂದೇ ಪೋರ್ಟ್ ಆದ್ದರಿಂದ ಅವು ಕಾರ್ಡಿನ ಒಂದೇ ಕ್ಯೂಗೆ ಬೀಳುತ್ತವೆ. ಆ ಕ್ಯೂನ ಇಂಟರಪ್ಟ್ ಒಂದು ಕೋರಿಗೆ, ಓದುವ ಥ್ರೆಡ್ ಪಕ್ಕದ ಕೋರಿಗೆ. ಎರಡೂ ಒಂದೇ ಕೋರಿಗೆ ಕಟ್ಟಿದರೆ ಇಂಟರಪ್ಟ್ ಕೆಲಸ ಥ್ರೆಡ್ಡನ್ನು ಹಸಿವಿನಿಂದ ಸಾಯಿಸುತ್ತದೆ. ನಾಲ್ಕು ಪೋರ್ಟಿಗೆ ಎಂಟು ಕೋರ್ ಹೋಯಿತು, ಹೈಪರ್‌ಥ್ರೆಡ್ಡಿಂಗ್ ಆಫ್ ಮಾಡಿ ಎಣಿಸಿ. ಬಯಾಸ್‌ನಲ್ಲಿ ಆಳದ ಸಿ-ಸ್ಟೇಟ್ ಆಫ್, ಗವರ್ನರ್ ಪರ್ಫಾರ್ಮೆನ್ಸ್.

ಬ್ಲಾಕ್ ಗಾತ್ರ ಏನಿಟ್ಟಿದ್ದೀರಿ?

ದ್ವಿಧ್ರುವ:

ಬ್ಲಾಕ್‌ಗೆ ಇನ್‌ಪುಟ್‌ಗೆ 2ರ ಘಾತ 24 ಸ್ಯಾಂಪಲ್. ಪಿಎಸ್‌ಆರ್‌ದಾದಾ ಲೈಬ್ರರಿಯ ರಿಂಗ್ ಬಫರ್, 8 ಬ್ಲಾಕ್.

ಸ್ಟಿಕ್ ಎಂಟು ಹಾಕಿ, ಕಾರ್ಡ್‌ಗಳನ್ನು ಒಂದೇ ಪ್ರೊಸೆಸರ್ ಕಡೆ ಸರಿಸಿ, ಕಟ್ಟಿಹಾಕಿದ ಮೇಲೆ ರಾತ್ರಿಯಿಡೀ ಓಡಿಸಿದರೂ ಡ್ರಾಪ್ ಸೊನ್ನೆ. ಜಿಪಿಯು ಕೋಡ್ ಜೊತೆಗೂ ಸೊನ್ನೆ. ನಕಲು ಇಳಿಸುವುದು ಇನ್ನೂ ಮಾಡಿಲ್ಲ.

ಈಗ ಡೇಟಾ ನೋಡಿದರೆ ಎರಡು ಸಮಸ್ಯೆ. ಒಂದು, ಎಲ್ಲ ಜೋಡಿಗಳಲ್ಲೂ ಸರಿಯಾಗಿ 50 ಮೆಗಾಹರ್ಟ್ಸ್‌ನಲ್ಲಿ ಚೂಪಾದ ಗೆರೆ, ಆಂಟೆನಾ ಕೇಬಲ್ ಬಿಚ್ಚಿದರೂ ಹೋಗುವುದಿಲ್ಲ. ಜೊತೆಗೆ 40ರಿಂದ 60ರ ನಡುವೆ ಮಸುಕು ಮಸುಕಾದ ಗೆರೆಗಳ ಗುಂಪು, ಇವು ಕೇಬಲ್ ಬಿಚ್ಚಿದರೆ ಮಾಯ. ಎರಡು, ಬೋರ್ಡ್ ರೀಸ್ಟಾರ್ಟ್ ಮಾಡಿದಾಗಲೆಲ್ಲ ಬೇರೆ ಬೇರೆ ಬೋರ್ಡಿನ ಇನ್‌ಪುಟ್‌ಗಳ ನಡುವಿನ ಫೇಸ್ ಬದಲಾಗುತ್ತದೆ. ಒಂದೇ ಬೋರ್ಡಿನೊಳಗೆ ಸ್ಥಿರ.

ಪೂರ್ವಪಶ್ಚಿಮ:

50ರ ಗೆರೆ ಎಡಿಸಿಯದು. ಒಳಗೆ ನಾಲ್ಕು ಸಣ್ಣ ಎಡಿಸಿಗಳು ಸರದಿಯಲ್ಲಿ ಸ್ಯಾಂಪಲ್ ಮಾಡುತ್ತಿವೆ. ಅವುಗಳ ಆಫ್‌ಸೆಟ್ ಒಂದೊಂದು ಚೂರು ಬೇರೆ ಇದ್ದರೆ ಸ್ಯಾಂಪಲ್ ದರದ ನಾಲ್ಕನೇ ಒಂದು ಭಾಗದಲ್ಲಿ ಗೆರೆ ಬರುತ್ತದೆ, 200ಕ್ಕೆ ಅದು 50. ಎಲ್ಲ ಬೋರ್ಡಿಗೂ ಗಡಿಯಾರ ಒಂದೇ ಆದ್ದರಿಂದ ಅದು ಜೋಡಿಗಳಲ್ಲೂ ಸೇರಿಕೊಂಡು ನಿಜವಾದ ಸಿಗ್ನಲ್ ತರಹ ನಿಲ್ಲುತ್ತದೆ. 1024ನೇ ಚಾನೆಲ್, ಪಕ್ಕದ ಎರಡೆರಡು ಬಿಟ್ಟುಬಿಡಿ, ಮುಗಿಯಿತು.

ಮಸುಕು ಗುಂಪಿನ ಮೂಲ ಎಫ್‌ಎಂ ರೇಡಿಯೋ ಇರಬೇಕು. ಆ ನಾಲ್ಕು ಎಡಿಸಿಗಳ ಗೇನ್ ಕೂಡ ಒಂದೇ ಇರುವುದಿಲ್ಲ, ಅದರಿಂದ 88-108ರ ಪ್ರತಿಬಿಂಬ 38ರಿಂದ 62ರೊಳಗೆ ಬೀಳುತ್ತದೆ. ಉದಾಹರಣೆಗೆ 92ರ ಸ್ಟೇಶನ್ 42ರಲ್ಲೂ 58ರಲ್ಲೂ ಕಾಣುತ್ತದೆ; ಊರಿನ ಸ್ಟೇಶನ್‌ಗಳ ಪಟ್ಟಿ ಇಟ್ಟುಕೊಂಡು ತಾಳೆ ನೋಡಿ. 100ರ ಮೇಲಿನ ಸ್ಟೇಶನ್‌ಗಳಂತೂ ಫಿಲ್ಟರ್ ಬಿಗಿ ಇಲ್ಲದಿದ್ದರೆ ಮಡಚಿಕೊಂಡು 92-100ಕ್ಕೆ ನೇರವಾಗಿಯೇ ಬರುತ್ತವೆ. ಇದಕ್ಕೆ ಸಾಫ್ಟ್‌ವೇರ್ ಮದ್ದಿಲ್ಲ, ಎಡಿಸಿಗೆ ಮುಂಚೆಯೇ ತಡೆಯಬೇಕು. 85ರವರೆಗೆ ಬೇಕು ಎನ್ನುವ ಆಸೆ ಬಿಡಿ: 85ರಿಂದ 88ಕ್ಕೆ 3 ಮೆಗಾಹರ್ಟ್ಸ್ ಅಂತರದಲ್ಲಿ 40 ಡಿಬಿ ಬೀಳಿಸುವ ಎಲ್‌ಸಿ ಫಿಲ್ಟರ್ ಕೈಯಲ್ಲಿ ಸುತ್ತಿ ಆಗುವ ಕೆಲಸವಲ್ಲ. 75ಕ್ಕೆ ಲೋ-ಪಾಸ್, ಅದರ ಮೇಲೊಂದು ಎಫ್‌ಎಂ ನಾಚ್. ಮೊದಲ ಆಂಪ್ಲಿಫೈಯರಿಗಿಂತ ಮುಂಚೆ ಇದ್ದರೆ ಇನ್ನೂ ಒಳ್ಳೆಯದು. ಈ ಆವರ್ತನದಲ್ಲಿ ಆಕಾಶದ ಶಬ್ದವೇ ಜೋರಾಗಿರುವುದರಿಂದ ಫಿಲ್ಟರಿನ ಒಂದರ್ಧ ಡಿಬಿ ನಷ್ಟ ಲೆಕ್ಕಕ್ಕಿಲ್ಲ. ಆಮೇಲೆ ಗೇನ್ ಹೊಂದಿಸಿ ಎಡಿಸಿಯಲ್ಲಿ ಆರ್‌ಎಂಎಸ್ 16 ಹಂತದ ಹತ್ತಿರ ಬರಲಿ, ಮೇಲೆ 18 ಡಿಬಿ ಜಾಗ ಉಳಿಯುತ್ತದೆ. 3-4 ಹಂತಕ್ಕೆ ಇಳಿಸಬೇಡಿ. ಕರೆಂಟ್ ತಂತಿಯ ಕಿಡಿ ತೆಗೆಯಲು ಮೀಡಿಯನ್ ವಿಚಲನೆ ಬಳಸುವುದಾದರೆ ಅಷ್ಟು ಸಣ್ಣ ಮಟ್ಟದಲ್ಲಿ ಅದು 2 ಅಥವಾ 3 ಎಂದು ಪೂರ್ಣಾಂಕವಾಗಿ ಬಂದು ಕೂರುತ್ತದೆ, ಮಿತಿ ಅರ್ಧಕ್ಕರ್ಧ ಅಲುಗಾಡುತ್ತದೆ. 16ರಲ್ಲಿ ಅದು 10 ಅಥವಾ 11; ತೊಂದರೆಯಿಲ್ಲ.

ಫೇಸ್ ಬದಲಾಗುವುದು: ಬೋರ್ಡ್‌ಗಳು ಪಿಪಿಎಸ್‌ಗೆ (ಸೆಕೆಂಡಿಗೊಮ್ಮೆ ಬರುವ ಗಡಿಯಾರದ ಮಿಡಿತ) ಒಂದು ಸ್ಯಾಂಪಲ್ ಹಿಂದೆ ಮುಂದೆ ಶುರುವಾಗುತ್ತಿರಬಹುದು. ಒಂದು ಸ್ಯಾಂಪಲ್ ಅಂದರೆ 5 ನ್ಯಾನೋಸೆಕೆಂಡ್, 40ರಿಂದ 85ರವರೆಗೆ 81 ಡಿಗ್ರಿ ಇಳಿಜಾರು. ಪರೀಕ್ಷೆ ಸುಲಭ. ಒಂದು ನಾಯ್ಸ್ ಸೋರ್ಸ್, ಒಂದು ಪವರ್ ಸ್ಪ್ಲಿಟರ್, ಒಂದೇ ಉದ್ದದ ಕೇಬಲ್, ನಾಲ್ಕು ಬೋರ್ಡಿನ ಮೊದಲ ಇನ್‌ಪುಟ್‌ಗೆ. ಆವರ್ತನದ ಎದುರು ಫೇಸ್ ಹಾಕಿ. ರೀಸ್ಟಾರ್ಟ್ ಮಾಡಿದಾಗ ಇಳಿಜಾರು 81ರ ಗುಣಕಗಳಲ್ಲಿ ಹಾರಿದರೆ ಅದೇ. ಇಳಿಜಾರು ಬದಲಾಗದೆ ಇಡೀ ಗೆರೆ ಮೇಲೆ ಕೆಳಗೆ ಹೋದರೆ ಬೇರೆ ಏನೋ, ಆಗ ಹೇಳಿ.

ಕಾರಣ ಸಾಮಾನ್ಯವಾಗಿ ಪಿಪಿಎಸ್ ಅಂಚು ಸ್ಯಾಂಪಲ್ ಗಡಿಯಾರದ ಅಂಚಿನ ಮೇಲೇ ಬೀಳುವುದು. ಒಂದು ಬೋರ್ಡ್ ಈ ಟಿಕ್‌ಗೆ ಹಿಡಿಯುತ್ತದೆ, ಇನ್ನೊಂದು ಮುಂದಿನದಕ್ಕೆ. ಪಿಪಿಎಸ್ ಕೇಬಲನ್ನು ನಾಲ್ಕಕ್ಕೂ ಅರ್ಧ ಮೀಟರ್ ಉದ್ದ ಮಾಡಿದರೆ ಎರಡೂವರೆ ನ್ಯಾನೋಸೆಕೆಂಡ್ ಸರಿಯುತ್ತದೆ, ಅಂಚಿನಿಂದ ದೂರ ಹೋಗುತ್ತದೆ. ನಾಲ್ಕೂ ಒಂದೇ ಉದ್ದ ಇರಬೇಕು. ಶುರು ಮಾಡು ಎಂಬ ಆಜ್ಞೆಯನ್ನು ಸೆಕೆಂಡಿನ ನಡುವೆ ಕಳಿಸಿ. ಸೆಕೆಂಡಿನ ಅಂಚಿಗೆ ಕಳಿಸಿದರೆ ಒಂದು ಬೋರ್ಡ್ ಈ ಪಿಪಿಎಸ್‌ಗೂ ಇನ್ನೊಂದು ಮುಂದಿನದಕ್ಕೂ ಏಳುತ್ತದೆ.

ದ್ವಿಧ್ರುವ:

ಇಳಿಜಾರೇ ಹಾರುತ್ತಿದೆ, 81ರ ಲೆಕ್ಕಕ್ಕೆ ಸರಿಯಾಗಿ. ಪಿಪಿಎಸ್ ಕೇಬಲ್ ಉದ್ದ ಮಾಡಿದ ಮೇಲೆ ರೀಸ್ಟಾರ್ಟ್‌ಗಳಲ್ಲಿ ಒಂದೇ ಗೆರೆ ಬರುತ್ತಿದೆ. 92ರ ಪ್ರತಿಬಿಂಬವೂ ತಾಳೆಯಾಯಿತು, ಫಿಲ್ಟರ್ ಸುತ್ತಬೇಕು.

ಫ್ರಿಂಜ್ (ಭೂಮಿ ತಿರುಗಿದಂತೆ ಜೋಡಿಯ ಫೇಸ್ ಸುತ್ತುವುದು) ನಿಲ್ಲಿಸುವ ಕೋಡ್ ಜಿಪಿಯುನಲ್ಲೇ ಬರೆಯಬೇಕೇ?

ಪೂರ್ವಪಶ್ಚಿಮ:

ಬೇಡ. 100 ಮೀಟರ್, 60 ಮೆಗಾಹರ್ಟ್ಸ್ ಅಂದರೆ 20 ತರಂಗಾಂತರ. ಸಿಗ್ನಸ್ ಎ ನೆತ್ತಿಯ ರೇಖೆ ದಾಟುವಾಗ ಒಂದು ಫ್ರಿಂಜ್‌ಗೆ 15 ನಿಮಿಷ ಹಿಡಿಯುತ್ತದೆ. ಸೆಕೆಂಡಿಗೊಮ್ಮೆ ಬರೆದರೆ ಏನೂ ಮಾಸುವುದಿಲ್ಲ. ಜಿಎಂಆರ್‌ಟಿಯ 25 ಕಿಲೋಮೀಟರ್ ಬೇಸ್‌ಲೈನಿಗೆ 1400 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಎಂಟು ಫ್ರಿಂಜ್ ದಾಟುತ್ತದೆ, ಅಲ್ಲಿ ಓಡುತ್ತಲೇ ನಿಲ್ಲಿಸದೆ ವಿಧಿಯಿಲ್ಲ. ನಿಮ್ಮ ಅತಿ ಹೆಚ್ಚಿನ ಡಿಲೇ 333 ನ್ಯಾನೋಸೆಕೆಂಡ್, ಎಫ್‌ಎಫ್‌ಟಿ ಕಿಟಕಿ 20.48 ಮೈಕ್ರೋಸೆಕೆಂಡ್, ನಷ್ಟ ಶೇ. 2ರೊಳಗೆ. ಕೇಬಲ್ ಉದ್ದದ ವ್ಯತ್ಯಾಸ ಮಾತ್ರ ಪೂರ್ಣ ಸ್ಯಾಂಪಲ್‌ಗಳಲ್ಲಿ ಸರಿಸಿ (10 ಮೀಟರ್ ಸಾದಾ ಕೋಆಕ್ಸ್ ಸುಮಾರು 50 ನ್ಯಾನೋಸೆಕೆಂಡ್, ಹತ್ತು ಸ್ಯಾಂಪಲ್). ಮಿಕ್ಕಿದ್ದೆಲ್ಲ ಆಮೇಲೆ ಪೈಥಾನ್‌ನಲ್ಲಿ. ಸೆಕೆಂಡಿಗೆ 2.2 ಎಂಬಿ, ಎಂಟು ಗಂಟೆಗೆ 64 ಜಿಬಿ, ಲ್ಯಾಪ್‌ಟಾಪ್‌ಗೂ ಭಾರವಲ್ಲ.

ಹಳೇ_ಕೋರಿಲೇಟರ್:

ಜಿಪಿಯು ಕೋಡ್ ಬರೆಯುವಾಗ ಮೂರು ಜಾಗ ನೋಡಿಕೊಳ್ಳಿ.

ಪಾಲಿಫೇಸ್ ಫಿಲ್ಟರಿಗೆ ಹಿಂದಿನ ಮೂರು ಫ್ರೇಮ್ ಬೇಕು. ಬ್ಲಾಕ್ ಮುಗಿದಾಗ ಕೊನೆಯ 3 ಗುಣಿಸು 4096 ಸ್ಯಾಂಪಲನ್ನು ಮುಂದಿನ ಬ್ಲಾಕಿನ ತಲೆಗೆ ಇಡದಿದ್ದರೆ ಪ್ರತಿ 83.9 ಮಿಲಿಸೆಕೆಂಡಿಗೊಂದು ಒಡಕು ಬಂದು 12 ಹರ್ಟ್ಸ್ ಹತ್ತಿರ ಸುಳ್ಳು ಮಿಡಿತ ಕಾಣುತ್ತದೆ. ಪಲ್ಸಾರ್ ಸಿಕ್ಕಿತು ಎಂದು ಕುಣಿಯುವಂತಾಗಬಾರದು.

ಡ್ರಾಪ್ ಈಗ ಸೊನ್ನೆಯಾದರೂ ಕೋಡ್ ಅದಕ್ಕೆ ಸಿದ್ಧವಿರಲಿ. ಬಂದ ಪ್ಯಾಕೆಟ್ಟನ್ನು ಬಂದ ಕ್ರಮದಲ್ಲಿ ಜೋಡಿಸಬೇಡಿ, ಹೆಡರಿನ ಎಣಿಕೆಯ ಜಾಗಕ್ಕೇ ಇಡಿ. ಬರದ ಜಾಗಕ್ಕೆ ಸೊನ್ನೆ. ಬ್ಲಾಕ್ ಮರುಬಳಕೆಯಾಗುವುದರಿಂದ ಸೊನ್ನೆ ಮಾಡದೆ ಬಿಟ್ಟರೆ ಅಲ್ಲಿ ಹಳೇ ಡೇಟಾ ಕೂತಿರುತ್ತದೆ, ಅದು ಇನ್ನೂ ಕೆಟ್ಟದ್ದು. ಒಂದು ಪ್ಯಾಕೆಟ್ ಹೋದರೆ ಎರಡು ಫ್ರೇಮ್ ಹೋದಂತೆ, ಆದರೆ ನಾಲ್ಕು ಟ್ಯಾಪ್ ಇರುವುದರಿಂದ ಕೆಡುವುದು ಐದು ಸ್ಪೆಕ್ಟ್ರಮ್. ಶೇ. 1 ಡ್ರಾಪ್ ಬಿಡಿ ಬಿಡಿಯಾಗಿ ಬಿದ್ದರೆ ಇನ್‌ಪುಟ್‌ಗೆ ಶೇ. 2.5, ಜೋಡಿಗೆ ಶೇ. 5ರ ಹತ್ತಿರ ಹೋಗುತ್ತದೆ. ಆ ಐದನ್ನೂ ಕೂಡಿಸದೆ ಬಿಟ್ಟು, ಜೋಡಿಗೆ ಎಷ್ಟು ಸ್ಪೆಕ್ಟ್ರಮ್ ಕೂಡಿದವು ಎಂಬ ಎಣಿಕೆಯನ್ನೂ ಫೈಲಿಗೆ ಬರೆಯಿರಿ.

ಕೋರಿಲೇಶನ್ ಕರ್ನಲ್ ನೀವೇ ಬರೆಯುವ ಬದಲು ಎಕ್ಸ್‌ಜಿಪಿಯು ಎಂಬ ಸಿದ್ಧ ಕೋರಿಲೇಟರ್ ಕೋಡ್ ನೋಡಿ. ಅದರ ಔಟ್‌ಪುಟ್ ತ್ರಿಕೋನದ ಕ್ರಮ ಅದರದೇ, ಕೈಪಿಡಿ ಓದಿ ಬಿಡಿಸಿಕೊಳ್ಳಿ. ಮೊದಲ ಪರೀಕ್ಷೆಗೆ ಒಂದೇ ಇನ್‌ಪುಟ್‌ಗೆ ಟೋನ್ ಕೊಟ್ಟು ಅದು ಯಾವ ಜಾಗದಲ್ಲಿ ಏಳುತ್ತದೆ ನೋಡಿ, 16ಕ್ಕೂ.

ದ್ವಿಧ್ರುವ:

12 ಬ್ಲಾಕ್ ಕೂಡಿಸಿದರೆ 1.0066 ಸೆಕೆಂಡ್ ಬರುತ್ತದೆ, ಸರಿಯಾಗಿ 1 ಬರುವುದಿಲ್ಲ. ಬ್ಲಾಕ್ ಗಾತ್ರ ಬದಲಿಸಬೇಕೇ?

ಬಫರ್‌ಗಾರ:

ಬೇಡ, 1.0066 ಇರಲಿ. ಫೈಲಿನ ತಲೆಯಲ್ಲಿ ಎಣಿಕೆ ಶುರುವಾದ ಪಿಪಿಎಸ್‌ನ ಯುಟಿಸಿ ಸೆಕೆಂಡ್, ಪ್ರತಿ ಡಂಪಿಗೆ ಅದರ ಮೊದಲ ಸ್ಯಾಂಪಲ್ಲಿನ 64 ಬಿಟ್ ಎಣಿಕೆ. ಸಮಯ ಬೇಕಾದಾಗ ಎಣಿಕೆಯನ್ನು 20 ಕೋಟಿಯಿಂದ ಭಾಗಿಸಿ ಕೂಡಿಸಿ. ಕಂಪ್ಯೂಟರ್ ಗಡಿಯಾರದಿಂದ ಸಮಯ ಹಚ್ಚಬೇಡಿ. ಅದರ ಕೆಲಸ ಅದು ಯಾವ ಸೆಕೆಂಡಿನ ಪಿಪಿಎಸ್ ಎಂದು ಗುರುತಿಸುವುದು ಮಾತ್ರ. ಎನ್‌ಟಿಪಿ ಓಡುತ್ತಿದ್ದರೆ ಅಷ್ಟಕ್ಕೆ ಸಾಕು.